ವಿದ್ಯಾರ್ಥಿಗಳು ಸಂಪಾದಿಸುವ ಕಾನೂನು ಜರ್ನಲ್‌ಗೆ ಲೇಖನ ಕಳುಹಿಸಿದರೆ ಬೆಲೆ ಕಡಿಮೆಯೇ?

ವಿದ್ಯಾರ್ಥಿಗಳ ಜರ್ನಲ್‌ಗೆ ಕಳುಹಿಸಲೇ, ತಜ್ಞರ ಪರಿಶೀಲನೆಯ ಜರ್ನಲ್‌ಗೇ ಕಾಯಲೇ ಎಂದು ಕೇಳಿದ್ದೀರಿ. ವಿದ್ಯಾರ್ಥಿಗಳು ಸಂಪಾದಿಸಿದರೆ ಮಟ್ಟ ಇಳಿಯುತ್ತದೆ ಎಂಬ ಆತಂಕ ನಿಮ್ಮದು. ಬೆಂಗಳೂರಿನ ಕಾನೂನು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ ಹೊಸತರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು.

ನನ್ನ ಲೇಖನ ಆಂಟ್ರಿಕ್ಸ್–ದೇವಾಸ್ ವ್ಯಾಜ್ಯದ ಕುರಿತದ್ದು. ಎರಡೂ ನಮ್ಮೂರಿನ ಕಂಪನಿಗಳು; ಆಂಟ್ರಿಕ್ಸ್ ಇಸ್ರೋದ ವಾಣಿಜ್ಯ ಅಂಗ. ಇಸ್ರೋ ಉಪಗ್ರಹಗಳ ತರಂಗಾಂತರವನ್ನು ದೇವಾಸ್‌ಗೆ ಕೊಡುವ 2005ರ ಒಪ್ಪಂದ, ಅದು ದೇಶದ ಭದ್ರತೆಗೆ ಬೇಕೆಂಬ ಸರ್ಕಾರದ ವಾದದೊಂದಿಗೆ 2011ರಲ್ಲಿ ರದ್ದಾಯಿತು. ವಿದೇಶಿ ಹೂಡಿಕೆದಾರರು ಭಾರತದ ವಿರುದ್ಧ ಬೇರೆ ಬೇರೆ ಅಂತರರಾಷ್ಟ್ರೀಯ ಪಂಚಾಯ್ತಿ (ಆರ್ಬಿಟ್ರೇಷನ್) ಮಂಡಳಿಗಳಿಗೆ ಹೋದರು. ಮಾರಿಷಸ್ ಜೊತೆಗಿನ ಹೂಡಿಕೆ ಒಪ್ಪಂದದಡಿ ಕುಳಿತ ಮಂಡಳಿ 2016ರಲ್ಲಿ ತರಂಗಾಂತರದ ಶೇ 60ರಷ್ಟಕ್ಕೆ ಭಾರತದ ಭದ್ರತೆಯ ವಾದವನ್ನು ಒಪ್ಪಿತು. ಜರ್ಮನಿ ಒಪ್ಪಂದದಡಿ ಕುಳಿತ ಮಂಡಳಿ 2017ರಲ್ಲಿ ಅದೇ ವಾದವನ್ನು ತಳ್ಳಿಹಾಕಿತು. ಒಂದೇ ರದ್ದತಿಗೆ ಎರಡು ತೀರ್ಪು ಹೇಗೆ ಬಂತು ಎಂಬುದನ್ನು ಬಿಡಿಸಿ ಹೇಳಲು ನಾನು ಬಹಳ ಶ್ರಮಪಟ್ಟಿದ್ದೆ.

ಅದನ್ನು ಜರ್ನಲ್‌ಗಳಿಗೆ ಲೇಖನ ಸಲ್ಲಿಸುವ ಜಾಲತಾಣವಾದ ಸ್ಕಾಲಸ್ಟಿಕಾ ಮೂಲಕ ಅಮೆರಿಕದ ಹಲವು ವಿದ್ಯಾರ್ಥಿ ಜರ್ನಲ್‌ಗಳಿಗೆ ಕಳುಹಿಸಿದೆ. ಇದರಲ್ಲಿ ತಪ್ಪಿಲ್ಲ. ಅಲ್ಲಿ ಏಕಕಾಲಕ್ಕೆ ಹಲವೆಡೆ ಕಳುಹಿಸುವುದೇ ಪದ್ಧತಿ. ಒಬ್ಬರು ಒಪ್ಪಿದರೆ ಅದನ್ನು ತಿಳಿಸಿ ಉಳಿದವರಿಂದ ಬೇಗ ನಿರ್ಧಾರ ಕೇಳಬಹುದು. ಆದರೆ ಅದೇ ವಾರ ತಜ್ಞರ ಪರಿಶೀಲನೆಯ ಒಂದು ಜರ್ನಲ್‌ಗೂ ಕಳುಹಿಸಿಬಿಟ್ಟೆ. ಅಂಥ ಜರ್ನಲ್‌ಗಳ ನಿಯಮ ತದ್ವಿರುದ್ಧ. ಲೇಖನ ಅವರ ಬಳಿ ಇರುವಷ್ಟು ಕಾಲ ಬೇರೆಲ್ಲೂ ಇರಕೂಡದು. ಅರ್ಜಿಯಲ್ಲಿ ಆ ಘೋಷಣೆ ಇತ್ತು, ನಾನು ಓದದೆ ಗುರುತು ಹಾಕಿದ್ದೆ. ವಿದ್ಯಾರ್ಥಿ ಜರ್ನಲ್ ಒಂದರಿಂದ ಒಪ್ಪಿಗೆ ಬಂತು, ಉತ್ತರಿಸಲು ಕೆಲವೇ ದಿನಗಳ ಗಡುವು. ಆಗಲೇ ಅದನ್ನು ಒಪ್ಪಿಕೊಂಡು, ತಜ್ಞರ ಜರ್ನಲ್‌ನಿಂದ ಲೇಖನವನ್ನು ಹಿಂಪಡೆದಿದ್ದರೆ ಒಂದಾದರೂ ಉಳಿಯುತ್ತಿತ್ತು. ದೊಡ್ಡ ಹೆಸರಿನ ಆಸೆಗೆ ಗಡುವು ದಾಟಿಸಿದೆ. ಒಪ್ಪಿಗೆ ರದ್ದಾಯಿತು. ಲೇಖನ ಬೇರೆಡೆಯೂ ಇತ್ತೆಂದು ಗೊತ್ತಾದಾಗ ತಜ್ಞರ ಜರ್ನಲ್‌ನ ಸಂಪಾದಕರು ಪರಿಶೀಲನೆಯನ್ನೇ ನಿಲ್ಲಿಸಿದರು. ಇಬ್ಬರು ತಜ್ಞರು ಸಂಬಳವಿಲ್ಲದೆ ಓದುತ್ತಿದ್ದರು; ಅವರ ಸಮಯವನ್ನು ನಾನು ಹಾಳುಮಾಡಿದ್ದೆ. ಸಂಪಾದಕರ ಸಿಟ್ಟು ನ್ಯಾಯವಾದದ್ದೇ.

ಕೊನೆಗೆ ಅದು ಪ್ರಕಟವಾದದ್ದು ವಿದ್ಯಾರ್ಥಿಗಳ ಜರ್ನಲ್‌ನಲ್ಲೇ. ವಿದ್ಯಾರ್ಥಿ ಸಂಪಾದಕರಿಂದ ತಿದ್ದುಪಡಿಗೆ ಬಂದ ಕಡತದಲ್ಲಿ ಒಂದು ಅಡಿಟಿಪ್ಪಣಿಯ ಪಕ್ಕ ಹೀಗಿತ್ತು: ‘ಶೇ 60ರ ನಿರ್ಣಯ ಬಹುಮತದ್ದು. ನೀವು ಮಂಡಳಿಯೆಲ್ಲ ಒಪ್ಪಿದಂತೆ ಬರೆದಿದ್ದೀರಿ. ಭಿನ್ನಮತ ಎಲ್ಲಿ?’ ಇನ್ನೊಂದೆಡೆ ದೇಶಗಳ ನಡುವಿನ ಒಪ್ಪಂದಗಳ ನಿಯಮ ಹೇಳುವ 1969ರ ವಿಯೆನ್ನಾ ಒಪ್ಪಂದವನ್ನು ನಾನು ಪಠ್ಯಪುಸ್ತಕದಿಂದ ಎತ್ತಿದ್ದೆ. ವಿಶ್ವಸಂಸ್ಥೆಯ ಒಪ್ಪಂದ ಸರಣಿಯ 1155ನೇ ಸಂಪುಟದ 331ನೇ ಪುಟವನ್ನೇ ತೆರೆದು ನೋಡಿ ಎಂದಿದ್ದರು. ಪ್ರತಿ ಅಡಿಟಿಪ್ಪಣಿಯ ಮೂಲವನ್ನೂ ಹುಡುಕಿ ತೆಗೆದು ಓದುವ ಈ ತಾಳ್ಮೆಯನ್ನು ನಾನು ಹಿರಿಯ ಪರಿಶೀಲಕರಲ್ಲಿ ಕಂಡಿಲ್ಲ.

ಆದ್ದರಿಂದ ಮಟ್ಟ ಇಳಿಯುತ್ತದೆ ಎಂಬ ನಿಮ್ಮ ಆತಂಕವನ್ನೇ ನಾನು ಒಪ್ಪುವುದಿಲ್ಲ. ಯೇಲ್, ಹಾರ್ವರ್ಡ್‌ಗಳ ಅಂತರರಾಷ್ಟ್ರೀಯ ಕಾನೂನು ಜರ್ನಲ್‌ಗಳನ್ನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ. ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನ ವಿದ್ಯಾರ್ಥಿಗಳು ಅಂತರರಾಷ್ಟ್ರೀಯ ಆರ್ಥಿಕ ಕಾನೂನಿಗೆಂದೇ ಒಂದು ಜರ್ನಲ್ ನಡೆಸುತ್ತಾರೆ. ಬಡ್ತಿಯ ಅಂಕಗಳ ಚಿಂತೆಯಿದ್ದರೆ, ಮಾನ್ಯ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿಯೇ 2025ರಲ್ಲಿ ಕೈಬಿಟ್ಟಿದೆ; ಈಗ ಯಾವುದನ್ನು ಎಣಿಸುತ್ತಾರೆಂದು ನಿಮ್ಮ ಕಾಲೇಜಿನಲ್ಲೇ ಲಿಖಿತವಾಗಿ ಕೇಳಿ ಪಡೆಯಿರಿ.

ಅಮೆರಿಕದ ಜರ್ನಲ್‌ಗಳಿಗಾದರೆ ಫೆಬ್ರುವರಿ–ಮಾರ್ಚ್ ಅಥವಾ ಆಗಸ್ಟ್‌ನಲ್ಲಿ ಕಳುಹಿಸಿ. ಪರೀಕ್ಷೆಯ ಹೊತ್ತಿನಲ್ಲಿ ಹೋದ ಲೇಖನ ಮೂಲೆಗೆ ಬೀಳುತ್ತದೆ. ಹೆಸರು ಮರೆಮಾಡಿ ಪರಿಶೀಲಿಸುವ ಕಡೆ ‘ನನ್ನ ಹಿಂದಿನ ಲೇಖನದಲ್ಲಿ’ ಎಂಬ ಅಡಿಟಿಪ್ಪಣಿಗಳನ್ನೂ ಕಡತದ ಗುಣಲಕ್ಷಣಗಳಲ್ಲಿ (ಪ್ರಾಪರ್ಟೀಸ್) ಅಡಗಿ ಕುಳಿತ ನಿಮ್ಮ ಹೆಸರನ್ನೂ ತೆಗೆಯಿರಿ. ಮತ್ತು ದಯವಿಟ್ಟು ಆ ಘೋಷಣೆಯನ್ನು ಪೂರ್ತಿ ಓದಿ, ಗುರುತು ಹಾಕುವ ಮುಂಚೆ.