ಮಗಳ ವಿಜ್ಞಾನದ ಪ್ರಶ್ನೆಗಳನ್ನು ವಿಜ್ಞಾನಿಗಳ ಹತ್ತಿರವೇ ಕೇಳಿಸಬಹುದಾ?

ನಾಲ್ಕನೇ ಕ್ಲಾಸಿನ ಮಗಳು ದಿನವಿಡೀ ಯಾಕೆ, ಹೇಗೆ ಅಂತ ಕೇಳುತ್ತಾಳೆ, ಗೂಗಲ್ ನೋಡಿ ಹೇಳಿದರೆ ಅವಳಿಗೆ ಸಮಾಧಾನವಿಲ್ಲ ಅಂದಿದ್ದೀರಿ. ಖಂಡಿತ ಕೇಳಿಸಿ. ಆದರೆ ಪ್ರಶ್ನೆ ಹುಟ್ಟಿದ ಕೂಡಲೇ ಮೇಲ್ ಹಾಕಬೇಡಿ. ಮೊದಲು ಅವಳೇ ಸ್ವಲ್ಪ ಕೆದಕಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇರುವೆ ಯಾಕೆ ಸಾಲಾಗಿ ಹೋಗುತ್ತದೆ ಅಂತ ಕೇಳದ ಮಕ್ಕಳೇ ಕಡಿಮೆ. ತಜ್ಞರಿಗೆ ಅಷ್ಟನ್ನೇ ಬರೆದರೆ "ವಾಸನೆ ಹಿಡಿದು ಹೋಗುತ್ತವೆ" ಅಂತ ಒಂದು ಸಾಲು ಬರಬಹುದು, ಅದು ಪುಸ್ತಕದಲ್ಲೇ ಇದೆ ಅಲ್ವಾ? ಅದರ ಬದಲು ಅಡುಗೆಮನೆ ಗೋಡೆಯ ಇರುವೆ ಸಾಲಿಗೆ ಅಡ್ಡಲಾಗಿ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಲು ಹೇಳಿ. ಮುಂದಿನ ಇರುವೆ ಒರೆಸಿದ ಅಂಚಿಗೆ ಬಂದು ಗಕ್ಕನೆ ನಿಲ್ಲುತ್ತದೆ, ಕುಡಿಮೀಸೆ ಆಡಿಸುತ್ತದೆ, ಹಿಂದೆ ತಿರುಗಿ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಸ್ವಲ್ಪ ಹೊತ್ತಿಗೆ ಯಾವುದೋ ಒಂದು ದಾಟುತ್ತದೆ, ಸಾಲು ಮತ್ತೆ ಕೂಡಿಕೊಳ್ಳುತ್ತದೆ. ಈಗ ಅವಳ ಪ್ರಶ್ನೆಯೇ ಬೇರೆ: ಮೊದಲು ದಾಟಿದ್ದಕ್ಕೆ ದಾರಿ ಹೇಗೆ ಗೊತ್ತಾಯಿತು? ಇಂಥದ್ದು ಸಿಕ್ಕರೆ ಕೀಟಶಾಸ್ತ್ರದವರಿಗೂ ಬರೆಯಲು ಹುಮ್ಮಸ್ಸು.

ಬೆಂಗಳೂರಿಗೆ ಹೋಗಲು ಆಗುವುದಾದರೆ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಓಪನ್ ಡೇ ಬಿಡಬೇಡಿ. ಸಾಮಾನ್ಯವಾಗಿ ಫೆಬ್ರವರಿ 28ರ ವಿಜ್ಞಾನ ದಿನದ ಆಸುಪಾಸು ಇರುತ್ತದೆ. ಜಾತ್ರೆಯಷ್ಟು ಜನ. ಉದ್ದ ಕ್ಯೂ ಇರುವ ಕಡೆ ಸುಮ್ನೆ ನಿಲ್ಲಬೇಡಿ, ಖಾಲಿ ಇರುವ ಸಣ್ಣ ಲ್ಯಾಬಿಗೆ ನುಗ್ಗಿ. ಅಲ್ಲಿ ಪಿಎಚ್‌ಡಿ ಹುಡುಗ ಹುಡುಗಿಯರು ಮಾತಿಗೆ ಸಿಗುತ್ತಾರೆ, ಮಕ್ಕಳಿಗೆ ಪ್ರೊಫೆಸರಿಗಿಂತ ಅವರೇ ಹತ್ತಿರ.

ತಜ್ಞರು ಹೇಳಿದರು ಅಂದರೆ ಅಲ್ಲಿಗೆ ಮುಗಿಯಿತು ಅಂತಲೂ ಅಲ್ಲ. ಸಮುದ್ರ ನೀಲಿ ಕಾಣುವುದು ಆಕಾಶದ ಪ್ರತಿಫಲನದಿಂದ ಅಂತ ಬ್ರಿಟನ್ನಿನ ಭೌತವಿಜ್ಞಾನಿ ರ‍್ಯಾಲೇ ಅವರಂಥ ದೊಡ್ಡವರೇ ಹೇಳಿದ್ದರು. 1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್ ಒಂದು ಪ್ರಿಸಂ ಹಿಡಿದು ಆ ಪ್ರತಿಫಲನವನ್ನು ತಡೆದು ನೋಡಿದರು, ನೀರು ಆಗಲೂ ನೀಲಿಯೇ! ಮಗಳಿಗೆ ಈ ಕಥೆ ಹೇಳಿ, ಉತ್ತರ ಕೊಟ್ಟವರನ್ನೇ ತಿರುಗಿ ಕೇಳುವ ಧೈರ್ಯ ಬರುತ್ತದೆ.

ಊರಲ್ಲೇ ಇರುವವರನ್ನೂ ಮರೆಯಬೇಡಿ. ತಂತಿ ಮೇಲೆ ಕೂತ ಕಾಗೆಗೆ ಯಾಕೆ ಶಾಕ್ ಹೊಡೆಯುವುದಿಲ್ಲ ಅಂತ ಲೈನ್‌ಮನ್ ಅಣ್ಣನನ್ನು ಕೇಳಲಿ. ಹಸು ಯಾಕೆ ಮೆಲುಕು ಹಾಕುತ್ತದೆ ಅಂತ ಪಶುವೈದ್ಯರನ್ನು, ಗಿಡದ ರೋಗದ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದವರನ್ನು.

ಮೇಲ್ ನಿಮ್ಮ ಐಡಿಯಿಂದ ಹೋಗಲಿ, ಮಾತು ಅವಳದ್ದಿರಲಿ. ಒಂದೇ ಪ್ರಶ್ನೆ. ಏನು ಮಾಡಿದಳು, ಏನು ಕಂಡಿತು, ಅವಳಿಗೆ ಏನನ್ನಿಸುತ್ತದೆ, ಇಷ್ಟು ಸಾಕು. ಕನ್ನಡದಲ್ಲೇ ಬರೆಯಲಿ, ಬೇಕಿದ್ದರೆ ಕೆಳಗೆ ಇಂಗ್ಲಿಷ್ ನೀವು ಸೇರಿಸಿ. ದಯವಿಟ್ಟು ಅವಳ ವಾಕ್ಯ ತಿದ್ದಿ ನಯ ಮಾಡಬೇಡಿ, ಅಪ್ಪ ಬರೆದದ್ದು ಅಂತ ಓದಿದ ತಕ್ಷಣ ತಿಳಿಯುತ್ತದೆ. ಉತ್ತರ ಬಾರದಿದ್ದರೆ ಬೇರೆಯವರಿಗೆ ಬರೆಯಿರಿ, ಅವರಿಗೂ ಕೆಲಸ ಇರುತ್ತದೆ. ಬಂದರೆ ಥ್ಯಾಂಕ್ಸ್ ಕೂಡ ಅವಳೇ ಹೇಳಲಿ. ಅದರ ಕೆಳಗೇ "ಸಾರ್, ಇನ್ನೊಂದು ಪ್ರಶ್ನೆ" ಅಂತ ಸೇರಿಸಿದರೆ ಅಳಿಸಬೇಡಿ.