ಬೋಲ್ಟ್ ಬಿಚ್ಚುತ್ತಿಲ್ಲವೇ? ಪೈಪ್ ಹಾಕುವ ಮುನ್ನ ಇದನ್ನು ಓದಿ

ಪ್ರಶ್ನೆ: ಹಳೆಯ ಬೈಕಿನ ಸೈಲೆನ್ಸರ್ ಬದಲಿಸಬೇಕಿದೆ. ಇಂಜಿನ್ ಕಡೆಯ ಎರಡು ನಟ್‌ಗಳು ತುಕ್ಕು ಹಿಡಿದು ಅಲ್ಲಾಡುತ್ತಲೇ ಇಲ್ಲ. ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯಬಹುದೇ?

ಬೇಡ. ಆ ನಟ್ ಕೂತಿರುವುದು ಒಂದು ಸ್ಟಡ್ ಮೇಲೆ, ಅಂದರೆ ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್ ಮೇಲೆ. ಅದರ ಇನ್ನೊಂದು ತುದಿ ಇಂಜಿನ್‌ನ ಅಲ್ಯೂಮಿನಿಯಂ ಹೆಡ್ (ಮೇಲ್ಭಾಗ) ಒಳಗಿದೆ. ಸಾಮಾನ್ಯವಾಗಿ 6 ಅಥವಾ 8 ಮಿ.ಮೀ. ದಪ್ಪದ ಸ್ಟಡ್ ಅದು. ಪೈಪ್ ಹಾಕಿ ಎಳೆದರೆ ನಟ್ ಬಿಚ್ಚುವ ಮೊದಲೇ ಸ್ಟಡ್ ಮುರಿಯುತ್ತದೆ. ಆಮೇಲೆ ಕೆಲಸ ಸೈಲೆನ್ಸರ್‌ದಲ್ಲ, ಹೆಡ್‌ದು.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ತಿನ್ನುತ್ತದೆ. ಥ್ರೆಡ್‌ಗಳ ನಡುವಿನ ಸಣ್ಣ ಸಂದು ಪೂರ್ತಿ ಬಿಗಿದುಹೋಗುತ್ತದೆ. ಹಾಗಾಗಿ ಮೊದಲು ಈ ತುಕ್ಕನ್ನು ಬಿರುಕು ಬಿಡಿಸಬೇಕು. ಬಲ ಹಾಕುವುದು ಆಮೇಲಿನ ಮಾತು.

ನಟ್‌ನಿಂದ ಹೊರಗೆ ಕಾಣುವ ಥ್ರೆಡ್‌ಗಳನ್ನು ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ನಟ್ ಹೊರಬರಬೇಕಾದ ದಾರಿ ಅದೇ ಅಲ್ವಾ? ಇಂಜಿನ್ ತಣ್ಣಗಿರುವಾಗ ಪೆನಿಟ್ರೇಟಿಂಗ್ ಆಯಿಲ್ ಹಾಕಿ. ಇಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ, ಅದು ದಪ್ಪ, ಸಂದಿಗೆ ಇಳಿಯುವುದಿಲ್ಲ. ಮನೆಯಲ್ಲಿರುವ ಡಬ್ಲ್ಯುಡಿ-40 ಮೂಲತಃ ನೀರು ಓಡಿಸಲು ಮಾಡಿದ್ದು. ಬೇರೆ ಏನೂ ಇಲ್ಲದಿದ್ದರೆ ಸರಿ, ಆದರೆ ಇದೇ ಕೆಲಸಕ್ಕೆಂದು ಮಾಡಿದ ಎಣ್ಣೆ ಮೇಲು. ಸಂಜೆ ಹಾಕಿ, ಸುತ್ತಿಗೆಯಿಂದ ನಟ್‌ನ ಚಪ್ಪಟೆ ಬದಿಗಳ ಮೇಲೆ ಹಗುರವಾಗಿ ತಟ್ಟಿ, ಬೆಳಿಗ್ಗೆ ಮತ್ತೆ ಹಾಕಿ. ಆ ತಟ್ಟುವಿಕೆಗೆ ತುಕ್ಕು ಸೀಳುತ್ತದೆ, ಸೀಳಿನಲ್ಲಿ ಎಣ್ಣೆ ಇಳಿಯುತ್ತದೆ. ಹೆಚ್ಚಿನವರು ಐದು ನಿಮಿಷ ಕಾದು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ಕೆಲಸ ಕೆಡುವುದೇ ಅಲ್ಲಿ.

ಬಿಚ್ಚಲು ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ನಟ್‌ನ ಅಂಚುಗಳನ್ನು ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಮೊದಲು ಒಂದಿಷ್ಟೇ ಬಿಗಿ ಮಾಡುವ ಕಡೆಗೆ ತಿರುಗಿಸಿ. ಹಿಡಿತ ಮುರಿದ ಸದ್ದು ಬಂದರೆ ಅರ್ಧ ಕೆಲಸ ಮುಗಿಯಿತು. ನಂತರ ಒಂದಿಷ್ಟು ಸಡಿಲ, ಮತ್ತೆ ವಾಪಸ್, ಮತ್ತಿಷ್ಟು ಎಣ್ಣೆ, ಮತ್ತೆ ಸಡಿಲ. ಒಂದೇ ಉಸಿರಿಗೆ ಬಿಚ್ಚಲು ಹೋಗಬೇಡಿ. ಸ್ಪ್ಯಾನರ್ ತಿರುಗುತ್ತಿದೆ, ಆದರೆ ಕೈಗೆ ರಬ್ಬರ್ ತಿರುಚಿದ ಹಾಗೆ ಅನಿಸುತ್ತಿದೆ ಎಂದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ನಟ್ ಅಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿದೆ.

ಆಗ ಉಳಿಯುವುದು ಬಿಸಿ. ಸಣ್ಣ ಗ್ಯಾಸ್ ಟಾರ್ಚ್‌ನಿಂದ ನಟ್‌ಗೆ ಮಾತ್ರ ಬಿಸಿ ಕೊಡಿ, ಅದು ಹಿಗ್ಗಿ ಹಿಡಿತ ಬಿಡುತ್ತದೆ. ಆದರೆ ಅದಕ್ಕೂ ಮುನ್ನ ಟ್ಯಾಂಕ್ ಇಳಿಸಿ ದೂರ ಇಡಿ, ಚೆಲ್ಲಿದ ಎಣ್ಣೆ, ಪೆಟ್ರೋಲ್ ಒರೆಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಳ್ಳಿ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆದ ಜಾಗಕ್ಕೆ ಉರಿ ತೋರಿಸಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಬಿಸಿಗೂ ಬಗ್ಗದಿದ್ದರೆ ನಟ್ ಸ್ಪ್ಲಿಟರ್‌ನಿಂದ ನಟ್ ಸೀಳಿ. ನಟ್ ಹೋದರೆ ಹೋಗಲಿ, ಸ್ಟಡ್ ಉಳಿಯಬೇಕು. ನಟ್ ಜೊತೆ ಸ್ಟಡ್ಡೂ ತಿರುಗಿ ಹೊರಬಂದರೆ ಗಾಬರಿ ಬೇಡ. ಹೊಸದು ಹಾಕಿದರಾಯಿತು.

ಪ್ರಶ್ನೆ: ಇಂಜಿನ್ ಕವರ್‌ನ ಸ್ಟಾರ್ ಸ್ಕ್ರೂಗಳ ತಲೆ ಸ್ಲಿಪ್ ಆಗುತ್ತಿವೆ. ಒಂದು ಪೂರ್ತಿ ಹಾಳಾಗಿದೆ. ಮುಂದೇನು?

ಜಪಾನಿ ಬೈಕ್ ಆಗಿದ್ದರೆ ತಪ್ಪು ಸ್ಕ್ರೂಡ್ರೈವರ್‌ದು ಇರಬಹುದು. ಅವುಗಳಲ್ಲಿ ಇರುವುದು ಬಹುತೇಕ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯ ತಲೆ, ಅದರ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ನೋಡಲು ಮಾಮೂಲಿ ಪ್ಲಸ್ ಆಕಾರದ ಫಿಲಿಪ್ಸ್ ಥರವೇ. ಆದರೆ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರ ತಳಕ್ಕೆ ಸರಿಯಾಗಿ ಕೂರದೆ ಮೇಲಕ್ಕೆ ಜಾರುತ್ತದೆ.

ಉಳಿದವುಗಳಿಗೆ ಜೆಐಎಸ್ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಅದು ಹೊಡೆದ ಹೊಡೆತಕ್ಕೆ ಒಳಗೆ ಒತ್ತುತ್ತಲೇ ತಿರುಗಿಸುತ್ತದೆ. ಅದಕ್ಕೂ ಮುನ್ನ ಹೀಟ್ ಗನ್‌ನಿಂದ ಕವರ್ ಬಿಸಿ ಮಾಡಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಥ್ರೆಡ್ ಸಡಿಲವಾಗುತ್ತದೆ. ಇಲ್ಲಿ ಟಾರ್ಚ್ ಬೇಡ. ಕೆಲವು ಬೈಕ್‌ಗಳ ಕವರ್ ಮೆಗ್ನೀಸಿಯಂದು, ಅದಕ್ಕೆ ಉರಿ ತಾಗಬಾರದು.

ಹಾಳಾದ ಸ್ಕ್ರೂ 6 ಮಿ.ಮೀ.ದಾದರೆ 6 ಮಿ.ಮೀ. ಬಿಟ್‌ನಿಂದ ನಡುವೆ ಡ್ರಿಲ್ ಮಾಡಿ ತಲೆಯನ್ನೇ ತೆಗೆದುಬಿಡಿ. ಕೇಳಿದರೆ ಭಯವಾಗುತ್ತದೆ, ಆದರೆ ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ತಲೆ ಹೋದ ಮೇಲೆ ಸ್ಕ್ರೂ ಮೇಲಿನ ಎಳೆತವೂ ಹೋಗುತ್ತದೆ. ಕವರ್ ತೆಗೆದರೆ ತುಂಡು ಹೊರಗೆ ಚಾಚಿಕೊಂಡಿರುತ್ತದೆ, ಲಾಕಿಂಗ್ ಪ್ಲೈಯರ್‌ಗೆ ಬಹಳ ಸಲ ಸುಲಭವಾಗಿ ಬರುತ್ತದೆ. ವಾಪಸ್ ಹಾಕುವಾಗ ಅಲೆನ್ ಬೋಲ್ಟ್ ಹಾಕಿ.

ಪ್ರಶ್ನೆ: ಬೋಲ್ಟ್ ಮುರಿದು ಒಳಗೇ ಉಳಿದಿದೆ. ತುಂಡಿನಲ್ಲಿ ಕೊರೆದ ತೂತಿಗೆ ಹಾಕಿ ತಿರುಗಿಸಿ ಹೊರತೆಗೆಯುವ ಈಸಿ-ಔಟ್ ತಂದಿದ್ದೇನೆ, ಬಳಸಲೇ?

ಸ್ವಲ್ಪ ತಡೆಯಿರಿ. ಇಡೀ ಬೋಲ್ಟ್ ಇದ್ದಾಗಲೇ ತಿರುಗದ ಥ್ರೆಡ್, ಅದಕ್ಕಿಂತ ಸಣ್ಣ ಈಸಿ-ಔಟ್‌ಗೆ ಸುಲಭವಾಗಿ ತಿರುಗೀತೇ? ಅದು ಗಟ್ಟಿ ಉಕ್ಕು, ಬಗ್ಗದೆ ಪಟ್ಟನೆ ಮುರಿಯುತ್ತದೆ. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ. ಹಿಡಿಯಲು ತಲೆ ಸಿಕ್ಕಿತು, ವೆಲ್ಡಿಂಗ್ ಬಿಸಿಗೆ ತುಕ್ಕೂ ಬಿಟ್ಟಿತು. ವೆಲ್ಡ್ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ. ತುಂಡು ಒಳಗೇ ಇದ್ದರೆ ಸರಿಯಾಗಿ ನಡುವೆ ಪಂಚ್ ಗುರುತು ಮಾಡಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬಳಸಿ. ಕೊರೆಯುತ್ತಿರುವಾಗಲೇ ತುಂಡು ಕಚ್ಚಿಕೊಂಡು ಹೊರಬರುವುದೂ ಉಂಟು. ಕೊನೆಗೆ ಥ್ರೆಡ್ ಹಾಳಾದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಹಾಕಿಸಬಹುದು. ಅಲ್ಯೂಮಿನಿಯಂನಲ್ಲಿ ಅದು ಮೂಲ ಥ್ರೆಡ್‌ಗೇನೂ ಕಡಿಮೆಯಲ್ಲ.

ಪ್ರಶ್ನೆ: ಮುಂದೆ ಹೀಗಾಗದಂತೆ ಎಲ್ಲ ಬೋಲ್ಟ್‌ಗೂ ಗ್ರೀಸ್ ಹಚ್ಚಿದರೆ?

ಎಲ್ಲದಕ್ಕೂ ಅಲ್ಲ. ಸೈಲೆನ್ಸರ್ ಸ್ಟಡ್‌ಗೆ ಬಿಸಿ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ಸುಮ್ನೆ ತೆಳುವಾಗಿ. ಥ್ರೆಡ್ ಜಾರುವುದರಿಂದ ಅದೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಬಿಗಿಯಾಗುತ್ತದೆ, ಮ್ಯಾನ್ಯುಯಲ್‌ನಲ್ಲಿರುವ ಒಣ ಥ್ರೆಡ್‌ನ ಅಂಕಿಯವರೆಗೆ ಎಳೆಯಬೇಡಿ. ಬ್ರೇಕ್ ಡಿಸ್ಕ್ ಬೋಲ್ಟ್‌ಗಳಿಗೆ ಮಾತ್ರ ಇದು ಬೇಡವೇ ಬೇಡ. ಅಲ್ಲಿ ಬೋಲ್ಟ್ ಸಡಿಲವಾಗದಿರಲೆಂದು ಥ್ರೆಡ್‌ಲಾಕರ್ ಎಂಬ ಅಂಟು ಹಾಕಿರುತ್ತಾರೆ. ಅವು ಬಿಚ್ಚದಿದ್ದರೆ ಕಾರಣ ಸಾಮಾನ್ಯವಾಗಿ ಆ ಅಂಟೇ, ತುಕ್ಕಲ್ಲ. ಎಣ್ಣೆ ಹಾಕಿ ಪ್ರಯೋಜನವಿಲ್ಲ, ಡಿಸ್ಕ್ ಕೊಳೆಯಾಗುವುದಷ್ಟೇ. ಕೆಂಪು ಬಣ್ಣದ ಗಟ್ಟಿ ಅಂಟು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಹೀಟ್ ಗನ್‌ನಿಂದ ಒಂದೊಂದೇ ಬೋಲ್ಟ್‌ನ ತಲೆ ಕಾಯಿಸಿ, ಬಿಸಿ ಇರುವಾಗಲೇ ಬಿಚ್ಚಿ. ಪಕ್ಕದ ಬೇರಿಂಗ್ ಸೀಲ್, ಟೈರ್ ಕಡೆಗೆ ಬಿಸಿಗಾಳಿ ಹೋಗದಂತೆ ಒಂದು ತಗಡು ಅಡ್ಡ ಹಿಡಿಯಿರಿ.