ಮೈತುಂಬಾ ಕಬ್ಬಿಣ, ಕೈಯಲ್ಲಿ ಬೆಂಕಿ

ಪ್ರಶ್ನೆ: ಸ್ಕೈರಿಮ್ ಅನ್ನೋ ವಿಡಿಯೊ ಗೇಮ್ ಆಡಲು ಶುರು ಮಾಡಿದ್ದೇನೆ. ಮಂತ್ರ ಹಾಕುವ ಪಾತ್ರವೇ ಬೇಕು, ಆದರೆ ನಿಲುವಂಗಿ ತೊಟ್ಟು ಎರಡೇ ಏಟಿಗೆ ಸಾಯುವುದು ಸಾಕಾಗಿದೆ. ಹೆವಿ ಆರ್ಮರ್ (ಭಾರಿ ಕವಚ) ಹಾಕಿದರೆ ಮಂತ್ರದ ಬಲ ಕಡಿಮೆಯಾಗುತ್ತೆ ಅಂತಾನೆ ಗೆಳೆಯ. ಹೌದಾ?
– ಓದುಗ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯ ಇದೇ ಸರಣಿಯ ಹಿಂದಿನ ಆಟ ಆಬ್ಲಿವಿಯನ್ ಆಡಿರಬೇಕು. 2006ರ ಆ ಆಟದಲ್ಲಿ ಕವಚ ತೊಟ್ಟರೆ ಮಂತ್ರದ ಬಲ ಕುಗ್ಗುತ್ತಿತ್ತು. 2011ರ ಸ್ಕೈರಿಮ್‌ನಲ್ಲಿ ಆ ಕಾಟ ಇಲ್ಲ. ತಲೆಯಿಂದ ಕಾಲಿನವರೆಗೆ ಕಬ್ಬಿಣ ಹಾಕಿಕೊಂಡರೂ ಬೆಂಕಿ ಅಷ್ಟೇ ಸುಡುತ್ತದೆ.

ಕಳೆದುಕೊಳ್ಳುವುದು ಬೇರೆ. ನಿಲುವಂಗಿ ತೊಟ್ಟರೆ ಮ್ಯಾಜಿಕಾ (ಮಂತ್ರಕ್ಕೆ ಖರ್ಚಾಗುವ ಶಕ್ತಿ) ಬೇಗ ತುಂಬುತ್ತದೆ, ಕೆಲವು ನಿಲುವಂಗಿಗಳು ಮಂತ್ರದ ಖರ್ಚನ್ನೂ ಇಳಿಸುತ್ತವೆ. ಅದು ಹೋಯಿತು ಅಂದರೆ ಎರಡು ಬೆಂಕಿ ಉಂಡೆ ಎಸೆದು ಸುಮ್ನೆ ನಿಲ್ಲಬೇಕು. ಹಾಗಾಗಿ ನಿಮ್ಮ ನಿಜವಾದ ಅಸ್ತ್ರ ಎನ್‌ಚಾಂಟಿಂಗ್, ಅಂದರೆ ವಸ್ತುಗಳಿಗೆ ಮಂತ್ರಶಕ್ತಿ ತುಂಬುವ ಕೌಶಲ. ಮೊದಲ ದಿನದಿಂದಲೇ ಅದನ್ನು ಬೆಳೆಸಿ. ಕೌಶಲ 100 ಮುಟ್ಟಿ, ಅದರ ಪರ್ಕ್‌ಗಳೂ (ಕೌಶಲ ಬೆಳೆದಂತೆ ಆರಿಸಿಕೊಳ್ಳುವ ವಿಶೇಷ ಸವಲತ್ತು) ಇದ್ದು, ಗ್ರ್ಯಾಂಡ್ ಸೋಲ್ (ಹರಳಿನಲ್ಲಿ ಸೆರೆಹಿಡಿದ ದೊಡ್ಡ ಆತ್ಮ) ಬಳಸಿದರೆ ಒಂದೊಂದು ವಸ್ತುವಿನ ಮೇಲೆ ಡಿಸ್ಟ್ರಕ್ಷನ್, ಅಂದರೆ ಬೆಂಕಿ-ಹಿಮದಂಥ ದಾಳಿ ಮಂತ್ರಗಳ ಖರ್ಚನ್ನು ಶೇ. 25ರಷ್ಟು ಇಳಿಸಬಹುದು. ಶಿರಸ್ತ್ರಾಣ, ಎದೆಕವಚ, ಉಂಗುರ, ಹಾರ, ನಾಲ್ಕಕ್ಕೂ ಹಾಕಿದರೆ ಮಂತ್ರ ಪೂರ್ತಿ ಪುಕ್ಕಟೆ! ನನ್ನನ್ನು ಕೇಳಿದರೆ ಮೂರಕ್ಕೇ ನಿಲ್ಲಿಸಿ, ಯಾಕಂದ್ರೆ ಪುಕ್ಕಟೆಯಾದ ಮೇಲೆ ಗುಂಡಿ ಒತ್ತಿ ಹಿಡಿಯುವುದು ಬಿಟ್ಟು ಆಟದಲ್ಲಿ ಏನೂ ಉಳಿಯಲ್ಲ.

ಆಲ್ಟರೇಷನ್ ಅನ್ನೋ ಮಂತ್ರ ವಿಭಾಗದಲ್ಲಿ ಮೇಜ್ ಆರ್ಮರ್ ಅನ್ನೋ ಪರ್ಕ್ ಕಣ್ಣಿಗೆ ಬೀಳುತ್ತದೆ. ಮುಟ್ಟಬೇಡಿ. ಕವಚ ಇಲ್ಲದವರಿಗೆ ಮಾತ್ರ ಅದು. ಆದರೆ ಅದೇ ವಿಭಾಗದ ಓಕ್‌ಫ್ಲೆಶ್ ಮಂತ್ರ ನಿಮ್ಮ ಕಬ್ಬಿಣದ ಮೇಲೂ 40 ರಕ್ಷಣೆಯ ಅಂಕ ಸೇರಿಸುತ್ತದೆ.

ಭಾರದ ಚಿಂತೆ ಬೇಡ. ಸಾಲಿಟ್ಯೂಡ್ ನಗರದ ಹತ್ತಿರ ಸ್ಟೀಡ್ ಸ್ಟೋನ್ ಅನ್ನೋ ವರ ಕೊಡುವ ಕಲ್ಲಿದೆ, ಅದನ್ನು ಮುಟ್ಟಿದರೆ ತೊಟ್ಟ ಕವಚಕ್ಕೆ ತೂಕವೇ ಇರಲ್ಲ, ಜೊತೆಗೆ ಇನ್ನೂ 100 ತೂಕ ಹೊರಬಹುದು. ಹೆವಿ ಆರ್ಮರ್ ಕೌಶಲ 70ಕ್ಕೆ ಬಂದಾಗ, ಕವಚದ ತೂಕ ಇಲ್ಲವಾಗಿಸುವ ಕಂಡಿಷನಿಂಗ್ ಪರ್ಕ್ ತಗೊಂಡು ಬೇರೆ ಕಲ್ಲಿಗೆ ಬದಲಿಸಿ. ಆದರೆ ಏಟು ತಿಂದರೆ ಮಾತ್ರ ಆ ಕೌಶಲ ಬೆಳೆಯೋದು. ಮಂತ್ರದಿಂದ ಕರೆಸುವ ಆಟ್ರೊನಾಕ್ ಜೀವಿಗಳನ್ನು ಮುಂದೆ ಬಿಟ್ಟು ನೀವು ಹಿಂದೆ ಅವಿತುಕೊಂಡರೆ ಕವಚ ತೊಟ್ಟೂ ದಂಡ, ಅಲ್ವಾ?

ಪ್ರಶ್ನೆ: ಒಳ್ಳೆ ಕವಚ ಇದೆ, ಆದರೂ ಡ್ರ್ಯಾಗನ್ ಉಸಿರಿಗೇ ಸಾಯ್ತೀನಿ. ಇನ್ನೂ ಗಟ್ಟಿಯಾದದ್ದು ಬೇಕಾ?
– ಓದುಗಿ, ಮೈಸೂರು

ಉತ್ತರ: ಬೇಡ. ಕವಚ ತಡೆಯುವುದು ಕತ್ತಿ, ಬಾಣ, ಕಚ್ಚುವುದನ್ನು ಮಾತ್ರ. ತಲೆ, ಎದೆ, ಕೈ, ಕಾಲಿನ ನಾಲ್ಕೂ ತುಂಡು ತೊಟ್ಟು ಕವಚದ ಅಂಕ 567 ತಲುಪಿದರೆ ಶೇ. 80 ಏಟು ನಿಲ್ಲುತ್ತದೆ, ಅದರಾಚೆಗೆ ಎಷ್ಟೇ ಸೇರಿಸಿದರೂ ದಂಡ. ಬೆಂಕಿಗೆ, ಹಿಮಕ್ಕೆ ಈ ಅಂಕ ಲೆಕ್ಕಕ್ಕೇ ಇಲ್ಲ.

ನಿಮಗೆ ಬೇಕಿರುವುದು ಮ್ಯಾಜಿಕ್ ರೆಸಿಸ್ಟೆನ್ಸ್, ಅಂದರೆ ಮಂತ್ರದ ಏಟು ತಡೆಯುವ ಶಕ್ತಿ. ಬ್ರೆಟನ್ ಕುಲಕ್ಕೆ ಹುಟ್ಟಿನಿಂದಲೇ ಶೇ. 25 ಇದೆ. ಆಲ್ಟರೇಷನ್‌ನ ಮೂರು ಪರ್ಕ್‌ಗಳಿಂದ ಶೇ. 30, ರಿಫ್ಟನ್ ನಗರದಲ್ಲಿ ಮಾರಾ ದೇವಿಯ ದೇಗುಲದ ಪ್ರೇಮಿಗಳ ಕೆಲಸ ಮುಗಿಸಿದರೆ ಶೇ. 15. ಆ ಕೆಲಸದಲ್ಲಿ ಕತ್ತಿ ಎತ್ತುವ ಅಗತ್ಯವೂ ಇಲ್ಲ, ಓಡಾಟ ಮಾತ್ರ ಜಾಸ್ತಿ. ಲಾರ್ಡ್ ಸ್ಟೋನ್ ಅನ್ನೋ ವರದ ಕಲ್ಲು ಇನ್ನೂ ಶೇ. 25 ಕೊಡುತ್ತದೆ, ಕವಚಕ್ಕೂ 50 ಅಂಕ. ಎಲ್ಲ ಕೂಡಿಸಿದರೆ 95 ಆಗುತ್ತದೆ, ಆದರೆ ಆಟ 85ಕ್ಕೆ ಕಟ್ ಮಾಡುತ್ತದೆ. ನೀವು ಬ್ರೆಟನ್ ಅಲ್ಲದಿದ್ದರೂ ಉಳಿದ ಮೂರರಿಂದಲೇ 70 ಸಿಗುತ್ತದೆ. ಮೊದಲು ರಿಫ್ಟನ್‌ಗೆ ಹೋಗಿ.